ಒಂದೇ ಥರದ ದಿನಗಳು

ಸ್ಮರಣಿ ಎಂಬ ಯಂತ್ರದ ಹೊಸ ಆವೃತ್ತಿಯನ್ನು ಜೋಡಿಸಿದ ಮೇಲೆ ನೇಮಿನಾಥ ಬಸ್ತವಾಡ ಅವರು ಕಣ್ಣು ತೆರೆದು, ಎದುರಿಗೆ ಕೂತಿದ್ದ ಹೆಂಗಸನ್ನು ನೋಡಿ, ಒಂದಿಷ್ಟೂ ತಡವರಿಸದೆ “ಪದ್ಮಾ” ಎಂದರು.

ಪದ್ಮಾವತಿಯವರು ಎಡಗೈಯಿಂದ ಸೆರಗನ್ನು ಎತ್ತಿ ಬಾಯಿಗೆ ಒತ್ತಿ ಹಿಡಿದರು. ಗಂಡ ಅವರನ್ನು ಹೆಸರು ಹಿಡಿದು ಕರೆದು ವರ್ಷದ ಮೇಲಾಗಿತ್ತು. ನೇಮಿನಾಥರು ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಗಾವಿಯ ಶಹಾಪುರದಲ್ಲಿ ತಮ್ಮ ಮದುವೆಯಾದದ್ದು, ಅಂದು ಮಾವನವರ ಪೇಟ ಗಾಳಿಗೆ ಹಾರಿ ಅಡುಗೆಯವರ ಕಡಾಯಿಯ ಹತ್ತಿರ ಬಿದ್ದದ್ದು, ಅದನ್ನು ಕಂಡು ಮದುಮಗಳು ತಲೆ ತಗ್ಗಿಸಿ ನಕ್ಕದ್ದು, ಎಲ್ಲವನ್ನೂ ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳಿದರು. ಗಾಜಿನ ಆಚೆ ನಿಂತಿದ್ದ ಡಾ. ಶಾಲ್ಮಲಾ ಕುಂದಗೋಳ ಪರದೆಯ ಮೇಲಿನ ಅಂಕಿಗಳನ್ನು ನೋಡಿದಳು. ಒಂದು ನೆನಪನ್ನು ಹುಡುಕಿ ಮೆದುಳಿಗೆ ಮುಟ್ಟಿಸಲು ಯಂತ್ರಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿದಿರಲಿಲ್ಲ. ಅವಳು ಪಕ್ಕದಲ್ಲಿದ್ದ ಸಹೋದ್ಯೋಗಿ ಗೌಸ್ ಸವಣೂರನ ಕೈ ಕುಲುಕಿದಳು.

ಶತಮಾನದ ನಡುಭಾಗ ಬಂದರೂ ಮರೆವಿನ ಕಾಯಿಲೆಗೆ ಪೂರ್ತಿ ಮದ್ದು ಸಿಕ್ಕಿರಲಿಲ್ಲ. ಜನ ಹೆಚ್ಚು ಕಾಲ ಬದುಕುತ್ತಿದ್ದರು, ಹೆಚ್ಚು ಜನ ಮರೆಯುತ್ತಿದ್ದರು. ಧಾರವಾಡದ ನರವಿಜ್ಞಾನ ಸಂಸ್ಥೆಯೊಂದರಲ್ಲಿ ಶಾಲ್ಮಲಾಳ ತಂಡ ಬೇರೆಯೇ ದಾರಿ ಹಿಡಿಯಿತು. ಕಾಯಿಲೆಯನ್ನು ತಡೆಯಲು ಆಗದಿದ್ದರೆ ಬೇಡ, ಅದು ನುಂಗುವ ಮೊದಲೇ ನೆನಪುಗಳನ್ನು ಹೊರಗೆ ತೆಗೆದಿಟ್ಟುಕೊಂಡರೆ ಹೇಗೆ ಎಂದು ಅವರು ಯೋಚಿಸಿದರು. ಹಾಗೆ ಹುಟ್ಟಿದ್ದು ಸ್ಮರಣಿ. ಹುಣಸೆಬೀಜದಷ್ಟು ಗಾತ್ರದ ಆ ಯಂತ್ರವನ್ನು ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರಿಸುತ್ತಿದ್ದರು. ಕಾಯಿಲೆಯ ಆರಂಭದಲ್ಲಿ ಅದು ಕೆಲವು ವಾರಗಳ ಕಾಲ ಮೆದುಳನ್ನು ಓದಿ ನೆನಪುಗಳ ಪ್ರತಿ ಮಾಡಿಕೊಳ್ಳುತ್ತಿತ್ತು, ಆಮೇಲೆ ಬರುವ ದಿನಗಳನ್ನೂ ಅದಕ್ಕೆ ಸೇರಿಸುತ್ತ ಹೋಗುತ್ತಿತ್ತು. ಮುಂದೆ ಮೆದುಳಿನಲ್ಲಿದ್ದ ಮೂಲ ಅಳಿಸಿಹೋದರೂ, ರೋಗಿ ಒಂದು ಮುಖವನ್ನು ಕಂಡಾಗ ಅಥವಾ ಒಂದು ಮಾತು ಕೇಳಿದಾಗ, ಯಂತ್ರ ಅದಕ್ಕೆ ತಕ್ಕ ನೆನಪನ್ನು ಹುಡುಕಿ ಮರಳಿ ಕೊಡುತ್ತಿತ್ತು. ಅದು ಯಂತ್ರದಿಂದ ಬಂತೋ ತನ್ನೊಳಗಿಂದಲೇ ಬಂತೋ ಎಂಬುದು ರೋಗಿಗೆ ತಿಳಿಯುತ್ತಿರಲಿಲ್ಲ.

ಮೊದಲ ಆವೃತ್ತಿ ಸೋತದ್ದು ನೆನಪು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಹೆಂಡತಿಯ ಮುಖ ಕಂಡೊಡನೆ ಅವಳಿದ್ದ ಸಾವಿರಾರು ಗಳಿಗೆಗಳು ಒಟ್ಟಿಗೆ ನುಗ್ಗುತ್ತಿದ್ದವು. ರೋಗಿ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಹೆಸರು ಬಾಯಿಗೆ ಬರುವಷ್ಟರಲ್ಲಿ ಅವಳು ಎದ್ದು ಹೋಗಿರುತ್ತಿದ್ದಳು. ನೇಮಿನಾಥರಿಗೂ ಹಾಗೆಯೇ ಆಗಿತ್ತು.

ಪರಿಹಾರ ಹೊಳೆದದ್ದು ಶಾಲ್ಮಲಾಳಿಗೆ. ಸ್ಮರಣಿಯೊಳಗೆ ಪ್ರತಿ ನೆನಪೂ ಒಂದು ಗಂಟಿನ ಹಾಗೆ ಇರುತ್ತಿತ್ತು. ಎಲ್ಲಿ ನಡೆಯಿತು, ಯಾರಿದ್ದರು, ಏನು ಮಾಡಿದರು, ಯಾವ ದಿನ, ಯಾವ ಹೊತ್ತು ಎಂಬ ವಿವರಗಳೆಲ್ಲ ಅದರೊಳಗೇ ಕಟ್ಟಿರುತ್ತಿದ್ದವು. ಪ್ರೋಗ್ರಾಮು ಬರೆಯುವವರು ಇಂಥ ಗಂಟಿಗೆ ಆಬ್ಜೆಕ್ಟ್ ಎನ್ನುತ್ತಾರೆ. ಅಂಥ ಲಕ್ಷಾಂತರ ಆಬ್ಜೆಕ್ಟುಗಳು ಒಂದು ಉದ್ದನೆಯ ಪಟ್ಟಿಯಲ್ಲಿದ್ದವು, ಮತ್ತು ಅವುಗಳಲ್ಲಿ ಬಹುಪಾಲು ಒಂದರ ಹಾಗೆ ಇನ್ನೊಂದು ಇದ್ದವು. ಪುನರಾವರ್ತನೆಯಾದವನ್ನು ತೆಗೆದುಹಾಕಿ ಒಂದನ್ನು ಮಾತ್ರ ಉಳಿಸಿಕೊಂಡರೆ ಪಟ್ಟಿ ಹಗುರಾಗುತ್ತದೆ. ಯಾವ ವಿವರಗಳು ಕೂಡಿಬಂದರೆ ಎರಡು ನೆನಪುಗಳನ್ನು ಒಂದೇ ಎನ್ನಬೇಕು ಎಂಬುದನ್ನು ಮಾತ್ರ ಯಾರಾದರೂ ಯಂತ್ರಕ್ಕೆ ಹೇಳಿಕೊಡಬೇಕಿತ್ತು. ಶಾಲ್ಮಲಾ ಹೇಳಿಕೊಟ್ಟಳು: ಜಾಗ ಒಂದೇ, ಜನ ಅವರೇ, ಕೆಲಸ ಅದೇ ಆಗಿದ್ದರೆ ನೆನಪೂ ಒಂದೇ. ದಿನಾಂಕವನ್ನು ಅವಳು ಬೇಕೆಂದೇ ಬಿಟ್ಟಳು. ದಿನಾಂಕ ಸೇರಿಸಿದರೆ ಲೋಕದಲ್ಲಿ ಯಾವ ಎರಡು ನೆನಪೂ ಒಂದೇ ಆಗಲಾರವು. ಯಂತ್ರ ಈ ಮೂರು ವಿವರಗಳಿಂದ ಪ್ರತಿ ನೆನಪಿಗೂ ಒಂದು ಸಂಖ್ಯೆ ಕೊಟ್ಟು, ಅಂಚೆಯವರು ಪಿನ್‌ಕೋಡು ನೋಡಿ ಪತ್ರಗಳನ್ನು ಗೂಡಿಗೆ ಹಾಕುವಂತೆ, ಒಂದೇ ಸಂಖ್ಯೆಯವನ್ನು ಒಂದೇ ಗೂಡಿಗೆ ಹಾಕುತ್ತಿತ್ತು. ಆಮೇಲೆ ಗೂಡಿನೊಳಗೆ ಹೋಲಿಸಿ ನೋಡಿ, ಮೊದಲನೆಯದನ್ನು ಇಟ್ಟುಕೊಂಡು ಉಳಿದವನ್ನು ಅಳಿಸುತ್ತಿತ್ತು.

ಅಳಿಸಿದ್ದು ಅಳಿಸಿದಂತೆಯೇ. ಒಬ್ಬರ ನೆನಪಿನ ಪ್ರತಿಯನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳಬಾರದೆಂದು ನಿಯಮವಿತ್ತು.

ಗೌಸ್‌ಗೆ ಆಗಲೇ ಸಣ್ಣ ಅನುಮಾನವಿತ್ತು. ಅವನು ಸವಣೂರಿನವನು, ಮಾತು ಕಡಿಮೆ, ಇನ್ನೊಬ್ಬರ ಉತ್ಸಾಹಕ್ಕೆ ನೀರೆರಚುವ ಸ್ವಭಾವದವನಲ್ಲ. ತೆಗೆಯುವುದಾದರೆ ತೆಗೆಯೋಣ, ಎಷ್ಟು ಸಲ ಆಗಿತ್ತು ಎಂಬ ಎಣಿಕೆಯನ್ನಾದರೂ ಪಕ್ಕದಲ್ಲಿ ಇಟ್ಟುಕೊಳ್ಳೋಣ ಎಂದು ಹೇಳಿದ. ನೆನಪು ಎಂದರೆ ಲೆಕ್ಕವಲ್ಲ, ಅಂಕಿ ಇಟ್ಟುಕೊಂಡು ರೋಗಿ ಏನು ಮಾಡುತ್ತಾನೆ ಎಂದು ಶಾಲ್ಮಲಾ ಕೇಳಿದಳು. ಅದೂ ಅಲ್ಲದೆ ಹೊಸದೊಂದು ವಿವರ ಸೇರಿಸಿದರೆ ಮತ್ತೆ ಮೊದಲಿಂದ ಪರೀಕ್ಷೆ, ಮತ್ತೆ ಅನುಮತಿ. ಅಷ್ಟು ಹೊತ್ತಿಗೆ ಎಷ್ಟು ಜನ ತಮ್ಮ ಮಕ್ಕಳ ಹೆಸರು ಮರೆತಿರುತ್ತಾರೋ. ಗೌಸ್ ಒಪ್ಪಿಕೊಂಡ. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಹೊಸ ಸ್ಮರಣಿ ಊರೂರಿಗೆ ಹೋಯಿತು. ಮುಪ್ಪಿನ ತಂದೆ ಮಗನನ್ನು ಗುರುತಿಸಿ ಮಾತಾಡಿಸಿದ ಸುದ್ದಿ, ಅಜ್ಜಿ ಮೊಮ್ಮಗಳಿಗೆ ಕತೆ ಹೇಳಿದ ಸುದ್ದಿ ಎಲ್ಲ ಕಡೆಯಿಂದಲೂ ಬಂತು. ಶಾಲ್ಮಲಾಳಿಗೆ ಸನ್ಮಾನಗಳಾದವು. ಅವಳು ಅವನ್ನು ಬೇಡ ಅನ್ನಲೂ ಇಲ್ಲ, ಹಿಗ್ಗಲೂ ಇಲ್ಲ. ಆದರೆ ಹೆಸರು ಕರೆದಾಗ ಪದ್ಮಾವತಿಯವರ ಮುಖ ಹೇಗಾಯಿತೆಂಬುದನ್ನು ಆಗಾಗ ನೆನೆದು ಒಳಗೊಳಗೇ ಸಂತೋಷಪಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ ಪದ್ಮಾವತಿಯವರು ಒಬ್ಬರೇ ಸಂಸ್ಥೆಗೆ ಬಂದರು. ಶಾಲ್ಮಲಾ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದಳು. ಚಹಾ ತರಿಸಿದಳು. ಅವರು ಕಪ್ಪನ್ನು ಮುಟ್ಟಲಿಲ್ಲ. ತಮ್ಮ ಯಜಮಾನರು ಈಗ ಎಲ್ಲರನ್ನೂ ಗುರುತಿಸುತ್ತಾರೆ, ಅದಕ್ಕೆ ತಾವು ಸಾಯುವ ತನಕ ಋಣಿ ಎಂದರು. ಆಮೇಲೆ ಬಂದ ಕಾರಣ ಹೇಳತೊಡಗಿದರು.

ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂದದ್ದು ಇಷ್ಟು. ನೇಮಿನಾಥರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು, ತಮಾಷೆಯ ಮನುಷ್ಯ. ಈಗ ಹೆಂಡತಿಯ ಎದುರು ತಲೆ ಎತ್ತಿ ಮಾತಾಡುವುದಿಲ್ಲ. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ತಪ್ಪಾಯಿತು ಎನ್ನುತ್ತಾರೆ. ಯಾವ ತಪ್ಪು ಎಂದರೆ ಸೈಟು ಮಾರುವಾಗ ಆಡಿದ ಮಾತು ಎನ್ನುತ್ತಾರೆ, ಇನ್ನೊಂದು ದಿನ ಪದ್ಮಾವತಿಯವರ ತಂಗಿಯ ಮದುವೆಯಲ್ಲಿ ಸಿಟ್ಟು ಮಾಡಿ ಎದ್ದು ಬಂದದ್ದು ಎನ್ನುತ್ತಾರೆ. ಎಲ್ಲವೂ ನಡೆದದ್ದೇ. ಆದರೆ ಅವನ್ನು ಪದ್ಮಾವತಿಯವರೇ ಯಾವಾಗಲೋ ಮರೆತಿದ್ದರು. ಹಾವೇರಿಯ ಕಡೆಯ ವೃದ್ಧಾಶ್ರಮವೊಂದಕ್ಕೆ ಮಾಸ್ತರರು ತಾವೇ ಫೋನು ಮಾಡಿ, ತಮ್ಮೊಬ್ಬರಿಗೆ ಜಾಗ ಕೇಳಿದ್ದಾರೆ.

“ನಿನಗ ನನ್ನಿಂದ ಏನೂ ಸುಖಾ ಸಿಗಲಿಲ್ಲ, ಇನ್ನರೆ ಆರಾಮ ಇರು ಅಂತಾರ್ರಿ,” ಎಂದರು ಪದ್ಮಾವತಿಯವರು. “ನಮ್ಮ ಸಂಸಾರ ಬರೇ ಜಗಳದಾಗ ಹೋತು ಅಂತಾರ. ನಲವತ್ತು ವರ್ಷದಾಗ ನಾವು ಜಗಳಾಡಿದ್ದು ಎಷ್ಟು ಬಾಯಾರ, ಕೈಬೆರಳಿನಾಗ ಎಣಸಬಹುದು.”

ಇಳಿವಯಸ್ಸಿನ ಖಿನ್ನತೆ ಇರಬಹುದೆಂದು ಶಾಲ್ಮಲಾ ಮೊದಲು ಭಾವಿಸಿದಳು. ಅದನ್ನೇ ಹೇಳಹೊರಟಳು. ಆಗ ಪದ್ಮಾವತಿಯವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಇನ್ನೊಂದು ಸಂಗತಿ ಹೇಳಿದರು. ಮದುವೆಯಾದ ಹೊಸದರಲ್ಲಿ ಇಬ್ಬರೂ ಸ್ಕೂಟರಿನಿಂದ ಬಿದ್ದಿದ್ದರು. ಆವತ್ತಿನಿಂದ ಅವರ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ತಲೆ ಬಾಚಿಕೊಳ್ಳಲಾಗದೆ ಅತ್ತಾಗ ಮಾಸ್ತರರು ಬಾಚಣಿಗೆ ತೆಗೆದುಕೊಂಡು ಹಿಂದೆ ಕೂತರು. ಅಂದಿನಿಂದ ಪ್ರತಿ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹೆಂಡತಿಗೆ ಜಡೆ ಹಾಕಿಯೇ ಹೋಗುತ್ತಿದ್ದರು. ಕಾಯಿಲೆ ಹೆಚ್ಚಾಗುವವರೆಗೂ ಅದು ತಪ್ಪಿರಲಿಲ್ಲ.

“ಮೊನ್ನೆ ಅದನ್ನ ಎತ್ತಿದೆ. ಹೌದು, ಒಮ್ಮೆ ನಿನ್ನ ಜಡಿ ಹಾಕಿದ್ದೆ ಅಲಾ, ನೆನಪೈತಿ ಅಂದ್ರು.” ಅವರು ಶಾಲ್ಮಲಾಳನ್ನು ನೇರವಾಗಿ ನೋಡಿದರು. “ಒಮ್ಮೆ ಅಂತ, ಬಾಯಾರ. ಒಮ್ಮೆ.”

ಶಾಲ್ಮಲಾಳಿಗೆ ಅಲ್ಲಿಯೇ ಅರ್ಥವಾಯಿತು. ಅರ್ಥವಾದದ್ದು ಸುಳ್ಳಾಗಲಿ ಎಂದು ಹಾರೈಸುತ್ತ, ಪದ್ಮಾವತಿಯವರನ್ನು ಕಳಿಸಿಕೊಟ್ಟು, ಗೌಸ್‌ನನ್ನು ಕರೆದು, ಮಾಸ್ತರರ ಯಂತ್ರದಲ್ಲಿದ್ದ ಪಟ್ಟಿಯನ್ನು ದೂರದಿಂದಲೇ ತೆರೆದು ಪರದೆಯ ಮುಂದೆ ಕೂತಳು.

ಸುಳ್ಳಾಗಲಿಲ್ಲ. ಜಗಳಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಅಡುಗೆಮನೆಯಲ್ಲಿ ನಡೆದಿರುತ್ತದೆ, ಒಂದು ಬಸ್‌ಸ್ಟ್ಯಾಂಡಿನಲ್ಲಿ, ಒಂದರಲ್ಲಿ ಅತ್ತೆ ಇರುತ್ತಾರೆ, ಇನ್ನೊಂದರಲ್ಲಿ ನೆರೆಯವರು. ಸಾವುಗಳೂ ಹಾಗೆಯೇ, ಆಸ್ಪತ್ರೆಯ ರಾತ್ರಿಗಳೂ ಹಾಗೆಯೇ. ಅವೆಲ್ಲ ಒಂದೂ ಬಿಡದೆ ಉಳಿದಿದ್ದವು. ನೆಮ್ಮದಿಯ ದಿನಗಳು ಮಾತ್ರ ಒಂದೇ ಥರ ಇರುತ್ತವೆ. ಅದೇ ಮನೆ, ಅವರಿಬ್ಬರೇ, ಅದೇ ಚಹಾ, ಅದೇ ಜಡೆ, ಸಂಜೆ ಅದೇ ಕಟ್ಟೆಯ ಮೇಲೆ ಕೂತು ಆಡಿದ ಅದೇ ಮಾತು. ಅವುಗಳಲ್ಲಿ ಒಂದೊಂದೇ ಉಳಿದಿತ್ತು. ನಲವತ್ತು ವರ್ಷಗಳ ಬೆಳಗುಗಳು ಕೂಡಿ ಒಂದು ಬೆಳಗಾಗಿದ್ದವು. ಅದರ ಸುತ್ತ ಜಗಳ, ಸಾವು, ಅಪಘಾತ, ಅವಮಾನಗಳು ಕಿಕ್ಕಿರಿದು ನಿಂತಿದ್ದವು. ಈ ಪಟ್ಟಿಯನ್ನು ತನ್ನ ಬಾಳೆಂದು ತಿಳಿದ ಯಾವ ಮನುಷ್ಯನಾದರೂ ವೃದ್ಧಾಶ್ರಮಕ್ಕೆ ಫೋನು ಮಾಡುತ್ತಿದ್ದ.

ಗೌಸ್ ಏನನ್ನೂ ಎತ್ತಿ ಆಡಲಿಲ್ಲ. ಅವನು ಒಂದು ಮಾತು ಅಂದುಬಿಟ್ಟಿದ್ದರೆ ಶಾಲ್ಮಲಾಳಿಗೆ ಹಗುರಾಗುತ್ತಿತ್ತೇನೋ.

ಮಾರನೆಯ ವಾರ ಗಂಡಹೆಂಡತಿ ಇಬ್ಬರನ್ನೂ ಕರೆಸಿ, ಆದದ್ದನ್ನು ಅವಳು ಮುಚ್ಚಿಡದೆ ವಿವರಿಸಿದಳು. ನೇಮಿನಾಥರು ಗಮನ ಕೊಟ್ಟು ಕೇಳಿದರು. ಕೇಳಿ, ತಮಗೆ ಸಮಾಧಾನ ಮಾಡಲು ಇದನ್ನು ಹೇಳುತ್ತಿದ್ದೀರಿ ಎಂದರು, ಬಹಳ ಸೌಜನ್ಯದಿಂದ. ಅವರಿಗೆ ನೆನಪಿದ್ದದ್ದು ನೆನಪಿತ್ತು. ಬೇರೆಯವರ ಬಾಯಿಂದ ಕೇಳಿದ ಸುಖ ತನ್ನದಾಗುವುದು ಹೇಗೆ?

ಶಾಲ್ಮಲಾಳಿಗೆ ಉಳಿದಿದ್ದ ದಾರಿ ಒಂದೇ. ಕೈಗಳ ರೂಢಿಯನ್ನು ಮೆದುಳು ಬೇರೊಂದು ಕಡೆ ಇಟ್ಟುಕೊಳ್ಳುತ್ತದೆ. ಸೈಕಲ್ ತುಳಿಯುವುದು, ಗಂಟು ಹಾಕುವುದು ಇಂಥವು ಈ ಕಾಯಿಲೆಯಲ್ಲಿ ಕೊನೆಯವರೆಗೂ ಉಳಿಯುವುದುಂಟು. ಸ್ಮರಣಿ ಅಲ್ಲಿಗೆ ಕೈ ಹಾಕಿರಲಿಲ್ಲ. ಅವಳು ಪದ್ಮಾವತಿಯವರನ್ನು ಕೇಳಿಕೊಂಡಳು. ಅವರು ಸಂಕೋಚಪಟ್ಟು, ಆಮೇಲೆ ಹೆರಳು ಬಿಚ್ಚಿ, ಗಂಡನ ಕಡೆ ಬೆನ್ನು ಮಾಡಿ ಕೂತರು. ನರೆತ ಕೂದಲು ಸೊಂಟದವರೆಗೆ ಬರುತ್ತಿತ್ತು.

ನೇಮಿನಾಥರು ಬಾಚಣಿಗೆ ಹಿಡಿದು, ತಮಗೆ ಇದು ಬರುವುದಿಲ್ಲ ಎಂದರು. ಹಾಗೆ ಅನ್ನುತ್ತಿರುವಾಗಲೇ ಕೈಗಳು ಕೆಲಸ ಶುರುಮಾಡಿದವು. ಬೈತಲೆ ನೇರವಾಗಿ ಬಂತು. ಎಡಗಿವಿಯ ಹಿಂದೆ ಒಂದು ಕಡೆ ಕೂದಲು ಸುಳಿ ತಿರುಗಿತ್ತು, ಅಲ್ಲಿ ಬೆರಳು ತಾನಾಗಿ ನಿಧಾನವಾಯಿತು, ಒತ್ತಿ ಹಿಡಿದು ಮುಂದೆ ಹೋಯಿತು. ಮೂರು ಎಳೆಯ ಜಡೆ ಸರಸರನೆ ಇಳಿಯಿತು. ತುದಿಗೆ ಬಂದಾಗ ಅವರ ಎಡಗೈ ಏನನ್ನೋ ಬಯಸಿ ಪಕ್ಕಕ್ಕೆ ಚಾಚಿತು, ಪದ್ಮಾವತಿಯವರು ಹಿಂದಿರುಗಿ ನೋಡದೆಯೇ ಎಡಹೆಗಲ ಮೇಲಿಂದ ರಿಬ್ಬನ್ನು ಕೊಟ್ಟರು.

ಮಾಸ್ತರರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಒಮ್ಮೆ ಹಾಕಿದ ಕೈ ಅಲ್ಲ ಇದು,” ಎಂದರು. ಆಮೇಲೆ, “ಗೊತ್ತಾತ್ರಿ ಡಾಕ್ಟರ. ಖರೇ ಅಂತ ಗೊತ್ತಾತು. ಆದ್ರ ನೆನಪಾಗವಲ್ದು,” ಎಂದರು.

ಅವರು ಅತ್ತದ್ದು ಆಗ. ಶಾಲ್ಮಲಾ ಕೋಣೆಯಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು.

ಸ್ಮರಣಿಯನ್ನು ತೆಗೆದುಬಿಡಿ ಎಂದು ಕೇಳಿದವರೂ ಮಾಸ್ತರರೇ. ತೆಗೆದರೆ ಕೆಲವೇ ತಿಂಗಳಲ್ಲಿ ಎಲ್ಲವೂ ಹೋಗುತ್ತದೆ, ಹೆಂಡತಿಯ ಹೆಸರೂ ಉಳಿಯುವುದಿಲ್ಲ ಎಂದು ಶಾಲ್ಮಲಾ ಮತ್ತೆ ಮತ್ತೆ ಹೇಳಿದಳು. ಅಳಿಸುವ ನಿಯಮವನ್ನು ಈಗಲೇ ನಿಲ್ಲಿಸುತ್ತೇನೆ, ಇನ್ನು ಮುಂದಿನ ದಿನಗಳಾದರೂ ಇದ್ದ ಹಾಗೆಯೇ ಉಳಿಯುತ್ತವೆ ಎಂದಳು. ಮಾಸ್ತರರು ಒಪ್ಪಲಿಲ್ಲ. ಇದರೊಳಗಿರುವ ಮನುಷ್ಯ ತಾನಲ್ಲ, ಅವನ ಜೊತೆ ಒಂದೇ ಮೈಯಲ್ಲಿ ಇರುವುದು ಕಷ್ಟ ಎಂದರು. ಎಲ್ಲರೂ ಪದ್ಮಾವತಿಯವರ ಕಡೆ ನೋಡಿದರು.

“ತಗೀರಿ,” ಎಂದರು ಅವರು. “ನಾ ಯಾರಂತ ಗೊತ್ತಾಗದಿದ್ರ ಗೊತ್ತಾಗೂದು ಬ್ಯಾಡ. ಇವರು ನನ್ನ ನೋಡಿ ಅಂಜೂದು ನೋಡಾಕ ಆಗೂದಿಲ್ಲ ನನಗ.”

ತೆಗೆದರು.

ನಂತರದ ದಿನಗಳು ಶಾಲ್ಮಲಾಳಿಗೆ ಸುಲಭವಾಗಿರಲಿಲ್ಲ. ಅವಳು ತಾನೇ ವರದಿ ಬರೆದು, ಸ್ಮರಣಿ ಹಾಕಿಸಿಕೊಂಡವರ ಮನೆಗಳಲ್ಲಿ ವಿಚಾರಣೆ ಮಾಡಿಸಿದಳು. ಮುದುಕರು ಕಾರಣವಿಲ್ಲದೆ ಮಕ್ಕಳ ಮೇಲೆ ಮುನಿದದ್ದು, ಅಣ್ಣತಮ್ಮಂದಿರು ಮಾತು ಬಿಟ್ಟದ್ದು, ಹಳೆಯ ಸಿಟ್ಟುಗಳು ಮರುಹುಟ್ಟು ಪಡೆದದ್ದು ಬೆಳಕಿಗೆ ಬಂತು. ವಯಸ್ಸಾದ ಮೇಲೆ ಹೀಗಾಗುತ್ತಾರೆ ಎಂದು ಮನೆಯವರು ಸುಮ್ಮನಿದ್ದರು. ಅವಳು ತನ್ನ ನಿಯಮವನ್ನು ಹಿಂತೆಗೆದುಕೊಂಡಳು. ಆದರೆ ಅದನ್ನು ತೆಗೆದೊಡನೆ ಯಂತ್ರ ಮತ್ತೆ ನಿಧಾನವಾಯಿತು, ಹೊಸ ರೋಗಿಗಳು ಮತ್ತೆ ತಲೆ ಹಿಡಿದುಕೊಂಡರು, ಅಳಿಸುವ ಆವೃತ್ತಿಯನ್ನೇ ಕೊಡಿ ಎಂದು ಎಷ್ಟೋ ಮನೆಯವರು ಪಟ್ಟು ಹಿಡಿದರು. ತಂದೆ ತಪ್ಪು ತಿಳಿದರೂ ಚಿಂತೆಯಿಲ್ಲ, ನಮ್ಮ ಹೆಸರು ಹಿಡಿದು ಕರೆಯಲಿ ಎಂದರು. ಅವರ ಮೇಲೆ ಸಿಟ್ಟಾಗಲು ಅವಳಿಗೆ ಸಾಧ್ಯವಾಗಲಿಲ್ಲ. ಕೊನೆಗೆ ಗೌಸ್ ಮೊದಲು ಹೇಳಿದ್ದ ಎಣಿಕೆಯನ್ನೇ ಹಿಡಿದು, ಹೆಚ್ಚು ಸಲ ನಡೆದದ್ದಕ್ಕೆ ಹೆಚ್ಚು ತೂಕ ಬರುವಂಥ ಮೂರನೆಯ ಆವೃತ್ತಿಯನ್ನು ಇಬ್ಬರೂ ಸೇರಿ ಮಾಡಿದರು. ಹೊಸಬರಿಗೆ ಅದರಿಂದ ಅನುಕೂಲವಾಯಿತು. ಮೊದಲೇ ಹಾಕಿಸಿಕೊಂಡವರಿಗೆ ಆಗುವಂಥದ್ದು ಏನೂ ಉಳಿದಿರಲಿಲ್ಲ.

ಮರುವರ್ಷ ಅವಳು ಬಸ್ತವಾಡರ ಮನೆಗೆ ಹೋದಳು. ಬಾಗಿಲು ತೆರೆದ ಪದ್ಮಾವತಿಯವರನ್ನು ಮೊದಲು ಗುರುತಿಸಲಾಗಲಿಲ್ಲ. ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದರು. ಒಳಗೆ ಕಿಟಕಿಯ ಹತ್ತಿರ ಮಾಸ್ತರರು ಕೂತಿದ್ದರು, ಮುಖ ತಿಳಿಯಾಗಿತ್ತು. ಬಂದವರಿಗೆ ನಮಸ್ಕಾರ ಮಾಡಿದರು. ಹೆಂಡತಿಗೂ, ಪರಿಚಯವಿಲ್ಲದ ಹೆಂಗಸಿಗೆ ಹೇಳುವಂತೆ ಅದೇ ಗೌರವದಿಂದ, ಬಾಯಾರ, ಇವರಿಗೆ ನೀರು ಕೊಡ್ರಿ ಎಂದರು. ಯಂತ್ರ ತೆಗೆದ ಮೇಲೂ ಎಷ್ಟೋ ದಿನ ಜಡೆ ಹಾಕುತ್ತಿದ್ದರಂತೆ, ಯಾರ ಜಡೆ ಎಂದು ತಿಳಿಯದೆಯೇ. ಮಳೆಗಾಲ ಶುರುವಾಗುವ ಹೊತ್ತಿಗೆ ಕೈಗಳೂ ಮರೆತವು. ಪದ್ಮಾವತಿಯವರು ಇದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಶಾಲ್ಮಲಾ ಕ್ಷಮೆ ಕೇಳಬೇಕೆಂದು ಹೋದವಳು, ಅವರು ಬಡಿಸಿದ್ದನ್ನು ಉಂಡು, ಕೇಳದೆಯೇ ಎದ್ದು ಬಂದಳು.

ಆ ಸಂಜೆ ಅವಳು ಗೌಸ್ ಜೊತೆ ಪ್ರಯೋಗಾಲಯದಲ್ಲಿ ಹಳೆಯ ಪ್ರೋಗ್ರಾಮನ್ನು ತೆರೆದು ನೋಡುತ್ತಿದ್ದಳು. ಎರಡು ನೆನಪು ಒಂದೇ ಎನ್ನುವ ಅವಳ ನಿಯಮ ನಾಲ್ಕೇ ಸಾಲಿನದು.

“ಇದನ್ನ ನಾ ಬರೀದೇ ಇದ್ದಿದ್ರ ಯಂತ್ರ ಏನ್ ಮಾಡ್ತಿತ್ತು ಗೌಸ್?” ಎಂದು ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

“ಏನೂ ಹೇಳಿಕೊಡದಿದ್ರ ಅದು ಯಾವದನ್ನೂ ಇನ್ನೊಂದರಂಗ ಅಂತ ತಿಳಿಯೂದಿಲ್ಲ,” ಎಂದ ಗೌಸ್. “ಪ್ರತಿಯೊಂದೂ ತನಗ ತಾನ ಸಮ. ಮತ್ತ ಯಾವುದಕ್ಕೂ ಅಲ್ಲ.”

ಅವಳು ಮನೆಗೆ ನಡೆದೇ ಹೊರಟಳು. ದಾರಿಯಲ್ಲಿ, ತೀರಿಹೋದ ತನ್ನ ತಂದೆಯ ನೆನಪಾಯಿತು. ಅವರು ಅವಳನ್ನು ಹತ್ತು ವರ್ಷ ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಕರೆತಂದವರು. ಒಂದು ದಿನ ಮಾತ್ರ ಮರೆತಿದ್ದರು. ಗೇಟಿನ ಹತ್ತಿರ ಅವಳೊಬ್ಬಳೇ ನಿಂತದ್ದು, ಜವಾನ ಬೀಗ ಹಾಕಿದ್ದು, ಕತ್ತಲಾದದ್ದು, ಎಲ್ಲವೂ ಗೆರೆ ಕೊರೆದಂತೆ ನೆನಪಿತ್ತು. ನೆಂಟರೆದುರು ಅದನ್ನು ಎಷ್ಟೋ ಸಲ ಹೇಳಿ ತಂದೆಯನ್ನು ಅಣಕಿಸಿದ್ದಳು. ಅವರು ಪ್ರತಿ ಸಲವೂ ಸಣ್ಣಗೆ ನಗುತ್ತಿದ್ದರು.

ಅವರು ಬಂದ ದಿನಗಳಲ್ಲಿ ಒಂದನ್ನಾದರೂ ನೆನೆಯಲು ಅವಳು ಪ್ರಯತ್ನಿಸಿದಳು. ಸ್ಕೂಟರಿನ ಸದ್ದು, ಅಂಗಿಯ ಬೆನ್ನು, ಕೆನ್ನೆಗೆ ತಾಗುವ ಗಾಳಿ ನೆನಪಾದವು. ಆದರೆ ಅದು ಯಾವ ದಿನದ್ದೂ ಆಗಿರಲಿಲ್ಲ. ಎಲ್ಲ ದಿನಗಳೂ ಸೇರಿ ಒಂದೇ ಸವಾರಿಯಾಗಿದ್ದವು. ಬೀದಿದೀಪದ ಕೆಳಗೆ ನಿಂತು ಇನ್ನೊಮ್ಮೆ ಪ್ರಯತ್ನಿಸಿದಳು, ಒಂದೇ ಒಂದು ದಿನ ಬೇಕಿತ್ತು, ಬರಲಿಲ್ಲ. ಅವಳ ಕಿವಿಯ ಹಿಂದೆ ಯಾವ ಯಂತ್ರವೂ ಇರಲಿಲ್ಲ.